ಕಣ್ಣಿನ ಮದ್ದು ಫಲಿಸಿತು ಎನ್ನಲು ಸಾಕ್ಷಿ ಏನು?

2024ರ ಸೆಪ್ಟೆಂಬರ್ ಮೊದಲ ವಾರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಒಂದೇ ಸುದ್ದಿ ಓಡಾಡುತ್ತಿತ್ತು. ಚಾಳೀಸು ಬಂದವರು ಇನ್ನು ಕನ್ನಡಕಕ್ಕೆ ತಡಕಾಡಬೇಕಿಲ್ಲ, ಕಣ್ಣಿಗೊಂದು ಹನಿ ಬಿಟ್ಟುಕೊಂಡರೆ ಹದಿನೈದು ನಿಮಿಷದಲ್ಲಿ ಪೇಪರ್ ಓದಬಹುದು, ಸರ್ಕಾರವೇ ಒಪ್ಪಿಗೆ ಕೊಟ್ಟಿದೆ! ಸುದ್ದಿ ಹಬ್ಬಿ ವಾರವಾಗುವಷ್ಟರಲ್ಲಿ, ಅದೇ ತಿಂಗಳ 10ರಂದು, ಕೇಂದ್ರದ ಔಷಧ ನಿಯಂತ್ರಕರು ಆ ಒಪ್ಪಿಗೆಯನ್ನು ತಡೆಹಿಡಿದರು. ಚಾಳೀಸಿನ ಚಿಕಿತ್ಸೆಗೆಂದು ಅನುಮತಿ ಕೊಟ್ಟಿದ್ದು ನಿಜ, ಓದುವ ಕನ್ನಡಕವೇ ಬೇಡವಾಗುತ್ತದೆ ಎಂದು ಹೇಳಿಕೊಳ್ಳಲು ಕೊಟ್ಟಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಆ ಹನಿಯಲ್ಲಿದ್ದದ್ದು ಪೈಲೋಕಾರ್ಪಿನ್. ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ಕುಂದುವ ಗ್ಲಾಕೋಮಾಕ್ಕೆ ನೂರು ವರ್ಷಕ್ಕೂ ಹಿಂದಿನಿಂದ ಬಳಸುತ್ತಾ ಬಂದ ಮದ್ದು. ಕಣ್ಣಿನ ಪಾಪೆಯನ್ನು ಅದು ಕಿರಿದು ಮಾಡುತ್ತದೆ. ಸಣ್ಣಕ್ಷರ ಓದಲು ನಾವು ಕಣ್ಣು ಕಿರಿದು ಮಾಡುತ್ತೇವಲ್ಲ, ಹೆಚ್ಚುಕಡಿಮೆ ಅದೇ ಉಪಾಯ. ಕೆಲವು ಗಂಟೆ ಹತ್ತಿರದ್ದು ಚೊಕ್ಕವಾಗಿ ಕಾಣುತ್ತದೆ, ಆಮೇಲೆ ಕಣ್ಣು ಮೊದಲಿನಂತೆಯೇ. ಕತ್ತಲಲ್ಲಿ ಪಾಪೆ ಹಿಗ್ಗದೆ ಎಲ್ಲವೂ ಮಸುಕು. ಅಂದರೆ ಮದ್ದಿಗೆ ಗುಣವಿದೆ, ಹೇಳಿಕೆ ಮಾತ್ರ ಗುಣವನ್ನು ಮೀರಿತ್ತು. ಯಾವುದು ಗುಣ, ಯಾವುದು ಬರೀ ಹೇಳಿಕೆ ಎಂದು ಬೇರ್ಪಡಿಸುವುದು ಹೇಗೆ? ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ಎಂದು ಹೇಳಿಸಿಕೊಂಡು ಬಂದ ತಾಯಿಗೂ, ಕಣ್ಣೊಳಗೆ ಇಂಜೆಕ್ಷನ್ ಆಗಬೇಕೆಂದು ಕೇಳಿ ಬೆಚ್ಚಿದ ಅಜ್ಜನಿಗೂ ಇದು ತಿಳಿದಿದ್ದರೆ ಒಳ್ಳೆಯದು.

ತಾನಾಗಿಯೇ ವಾಸಿಯಾಗುವ ಕಣ್ಣು

ಮದ್ರಾಸ್ ಐ ಬಂದಾಗ ಒಬ್ಬರು ನಂದಿಬಟ್ಟಲ ಹೂವಿನ ರಸ ಹಾಕುತ್ತಾರೆ, ಇನ್ನೊಬ್ಬರು ಹರಳೆಣ್ಣೆ ಹಚ್ಚುತ್ತಾರೆ, ಮತ್ತೊಬ್ಬರು ಮೆಡಿಕಲ್ ಸ್ಟೋರಿನ ಆಂಟಿಬಯಾಟಿಕ್ ಹನಿ ಬಿಡುತ್ತಾರೆ. ಒಂದೆರಡು ವಾರದಲ್ಲಿ ಮೂವರ ಕಣ್ಣೂ ತಿಳಿಯಾಗುತ್ತದೆ, ಮೂವರೂ ತಮ್ಮ ಮದ್ದನ್ನು ಹೊಗಳುತ್ತಾರೆ. ವೈರಸ್ಸಿನಿಂದ ಬಂದ ಕಣ್ಣುಬೇನೆ ಏನೂ ಹಾಕದಿದ್ದರೂ ಹೆಚ್ಚಿನಂಶ ಅಷ್ಟೇ ದಿನದಲ್ಲಿ ಹೋಗುತ್ತಿತ್ತು.

ಮದ್ದಿನ ನಂತರ ವಾಸಿಯಾದದ್ದೆಲ್ಲ ಮದ್ದಿನಿಂದಲೇ ಎಂದು ನಂಬುವ ತಪ್ಪನ್ನು ದೊಡ್ಡ ಆಸ್ಪತ್ರೆಗಳೂ ಮಾಡಿವೆ. 1940ರ ದಶಕದಲ್ಲಿ ಅಮೆರಿಕ, ಯುರೋಪುಗಳಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳು ಬದುಕುಳಿಯುತ್ತಿದ್ದವು, ಆದರೆ ಸಾವಿರಾರು ಕೂಸುಗಳ ಕಣ್ಣು ಹೋಗುತ್ತಿತ್ತು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಅಕ್ಷಿಪಟಲದ (ರೆಟಿನಾ) ಎಳೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು, ಪಟಲವನ್ನೇ ಎಳೆದು ಕೀಳುವ ಈ ಕಾಯಿಲೆಯನ್ನು ಈಗ ಆರ್‌ಒಪಿ ಎನ್ನುತ್ತಾರೆ. ನ್ಯೂಯಾರ್ಕಿನ ಮಕ್ಕಳ ವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಸಂಗಡಿಗರು ಎಸಿಟಿಎಚ್ ಎಂಬ ಹಾರ್ಮೋನು ಕೊಟ್ಟು ನೋಡಿದರು. 31 ಕೂಸುಗಳಲ್ಲಿ 25ರ ಕಣ್ಣು ಉಳಿಯಿತು. ಆ ಹಾರ್ಮೋನು ಕೊಡದ ಇನ್ನೊಂದು ಆಸ್ಪತ್ರೆಯಲ್ಲಿ 7ರಲ್ಲಿ 6 ಕೂಸುಗಳು ಕುರುಡಾಗಿದ್ದವು. ಇಷ್ಟು ಕಂಡ ಮೇಲೆ ಯಾರಿಗೆ ಅನುಮಾನ ಬಂದೀತು?

ಸಿಲ್ವರ್‌ಮನ್‌ಗೆ ಬಂತು. ಯಾವ ಕೂಸಿಗೆ ಮದ್ದು, ಯಾವುದಕ್ಕೆ ಬೇಡ ಎಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಟ್ಟು ಮತ್ತೆ ಪರೀಕ್ಷಿಸಿದರು. ಮದ್ದು ಪಡೆದವರಲ್ಲಿ ಮೂರನೇ ಒಂದು ಪಾಲು ಕುರುಡಾದರೆ, ಪಡೆಯದವರಲ್ಲಿ ಐದನೇ ಒಂದು ಪಾಲು. ಸಾವೂ ಮದ್ದಿನ ಗುಂಪಿನಲ್ಲೇ ಹೆಚ್ಚು. ಆರಂಭದ ಹಂತದ ಆರ್‌ಒಪಿ ಬಹುಪಾಲು ಕೂಸುಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಆ 25 ಕೂಸುಗಳ ಕಣ್ಣು ಉಳಿಸಿದ ಕೀರ್ತಿ ಸಲ್ಲಬೇಕಿದ್ದದ್ದು ಪ್ರಕೃತಿಗೆ.

ಚೀಟಿ ಎತ್ತುವುದು ಯಾಕೆ

ಹೊಸ ಗೊಬ್ಬರ ಒಳ್ಳೆಯದೋ ಎಂದು ನೋಡಬೇಕಾದ ರೈತ ಅದನ್ನು ನೀರಿನ ಬುಡದ ಫಲವತ್ತಾದ ತಾಕಿಗೆ ಹಾಕಿ, ಹಳೆಯದನ್ನು ದಿಣ್ಣೆಗೆ ಹಾಕಿ ಹೋಲಿಸಿದರೆ ಗೊತ್ತಾಗುವುದು ನೆಲದ ಗುಣ, ಗೊಬ್ಬರದ್ದಲ್ಲ. ಚಿಕಿತ್ಸೆಯಲ್ಲೂ ಹಾಗೇ. ಯಾರಿಗೆ ಹೊಸ ಮದ್ದು ಎಂದು ವೈದ್ಯರೇ ಆರಿಸಿದರೆ, ಬೇಗ ಬಂದವರು, ಹೇಳಿದಂತೆ ಕೇಳುವವರು, ಕಾಯಿಲೆ ಹಗುರವಾಗಿರುವವರು ಗೊತ್ತಿಲ್ಲದೆಯೇ ಒಂದು ಕಡೆ ಸೇರಿಬಿಡುತ್ತಾರೆ. ಚೀಟಿ ಎತ್ತಿದರೆ, ನಮಗೆ ತಿಳಿದ ವ್ಯತ್ಯಾಸಗಳೂ ತಿಳಿಯದ ವ್ಯತ್ಯಾಸಗಳೂ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತವೆ. ಆಗ ಕೊನೆಯಲ್ಲಿ ಉಳಿಯುವ ಅಂತರ ಮದ್ದಿನದ್ದೇ ಎನ್ನಬಹುದು.

ಆರ್‌ಒಪಿಯ ನಿಜವಾದ ಕಾರಣ ಸಿಕ್ಕಿದ್ದೂ ಹೀಗೆಯೇ. ಇನ್‌ಕ್ಯುಬೇಟರಿನಲ್ಲಿ ಧಾರಾಳವಾಗಿ ಬಿಡುತ್ತಿದ್ದ ಆಮ್ಲಜನಕವೇ ಕಣ್ಣು ತೆಗೆಯುತ್ತಿರಬಹುದು ಎಂದು ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ 1951ರಲ್ಲಿ ಬರೆದಿದ್ದರು. 1953ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಸೇರಿ ಪರೀಕ್ಷಿಸಿದವು. ಧಾರಾಳ ಆಮ್ಲಜನಕ ಪಡೆದವರಲ್ಲಿ ಸುಮಾರು 23%ರಷ್ಟು ಕೂಸುಗಳ ಕಣ್ಣಿಗೆ ಕಲೆಗಟ್ಟುವ ಹಾನಿಯಾಯಿತು, ಮಿತವಾಗಿ ಪಡೆದವರಲ್ಲಿ 7%. ಕತೆ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲಿ 1,316 ಕೂಸುಗಳ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಆಮ್ಲಜನಕದ ಮಟ್ಟ ಕಡಿಮೆ ಇಟ್ಟ ಗುಂಪಿನಲ್ಲಿ ತೀವ್ರ ಆರ್‌ಒಪಿ ಅರ್ಧದಷ್ಟಕ್ಕೆ ಇಳಿಯಿತು, ಸಾವು ಮಾತ್ರ ಹೆಚ್ಚಿತು. ಕಣ್ಣನ್ನಷ್ಟೇ ಅಳೆದಿದ್ದರೆ ಇದು ಗೆಲುವಾಗಿಯೇ ಕಾಣುತ್ತಿತ್ತು.

ಕರ್ನಾಟಕದಲ್ಲಿ ಈ ಕಾಯಿಲೆಯ ಹೆಸರು ಕೇಳಿದವರಿಗೆ ಕಿಡ್‌ರಾಪ್ ಗೊತ್ತಿರುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಈ ಯೋಜನೆಯಲ್ಲಿ ತಂತ್ರಜ್ಞರು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಕ್ಯಾಮೆರಾ ಹೊತ್ತು ಹೋಗಿ ಕೂಸುಗಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಚಿತ್ರ ನೋಡಿ ಯಾವ ಕೂಸಿಗೆ ಚಿಕಿತ್ಸೆ ಬೇಕು, ಯಾವುದನ್ನು ಸುಮ್ಮನೆ ಕಾಯಬಹುದು ಎಂದು ನಿರ್ಧರಿಸುವ ಧೈರ್ಯ ಬಂದದ್ದು ಇಂಥ ಪ್ರಯೋಗಗಳ ಸಾಲಿನಿಂದಲೇ.

ಕಣ್ಣಿಗೆ ಇನ್ನೊಂದು ಅನುಕೂಲವಿದೆ, ಅದು ಜೋಡಿ. 1980ರ ದಶಕದಲ್ಲಿ ಆರ್‌ಒಪಿಗೆ ಅಕ್ಷಿಪಟಲದ ಅಂಚನ್ನು ಹೆಪ್ಪುಗಟ್ಟಿಸುವ ಶೀತ ಚಿಕಿತ್ಸೆಯನ್ನು ಪರೀಕ್ಷಿಸಿದಾಗ, ಎರಡೂ ಕಣ್ಣಿಗೆ ಕಾಯಿಲೆ ಇದ್ದ ಕೂಸುಗಳ ಒಂದು ಕಣ್ಣಿಗೆ ಚಿಕಿತ್ಸೆ ಕೊಟ್ಟು ಇನ್ನೊಂದನ್ನು ಹೋಲಿಕೆಗೆ ಬಿಟ್ಟರು. ತಂದೆತಾಯಿ, ತೂಕ, ಆರೈಕೆ ಎಲ್ಲವೂ ಒಂದೇ ಆದ್ದರಿಂದ ಇದಕ್ಕಿಂತ ಒಳ್ಳೆಯ ಹೋಲಿಕೆ ಸಿಗದು. ಕಣ್ಣಿಗೆ ಚುಚ್ಚಿದ ಕೆಲವು ಔಷಧಗಳು ರಕ್ತಕ್ಕೆ ಸೇರಿ ಇನ್ನೊಂದು ಕಣ್ಣನ್ನೂ ಮುಟ್ಟುತ್ತವೆ. ಅಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಚಾರ್ಟಿನ ಒಂದು ಸಾಲು ಎಂದರೆ ಎಷ್ಟು

ಕಣ್ಣಾಸ್ಪತ್ರೆಯ ಚೀಟಿಯಲ್ಲಿ 6/12 ಎಂದಿದ್ದರೆ, ಸರಿಯಾದ ಕಣ್ಣು 12 ಮೀಟರಿನಿಂದ ಓದುವ ಅಕ್ಷರವನ್ನು ಈ ಕಣ್ಣು 6 ಮೀಟರಿಗೆ ಬಂದರಷ್ಟೇ ಓದುತ್ತದೆ ಎಂದರ್ಥ. ಪ್ರಯೋಗಗಳಲ್ಲಿ ಸಾಲಿಗೆ ಐದೇ ಅಕ್ಷರ ಇರುವ, ಸಾಲಿಂದ ಸಾಲಿಗೆ ಒಂದೇ ಪ್ರಮಾಣದಲ್ಲಿ ಕಿರಿದಾಗುವ ಚಾರ್ಟ್ ಬಳಸುತ್ತಾರೆ. ‘ಎರಡು ಸಾಲು ಸುಧಾರಿಸಿತು’ ಎಂದರೆ ಹತ್ತು ಅಕ್ಷರ ಹೆಚ್ಚು ಓದಿದಂತೆ.

ಸುಲಭವೆನಿಸಿದರೂ ಇಲ್ಲಿಯೇ ಮೋಸಹೋಗುವುದು. ನಾಲ್ಕು ವರ್ಷದ ಮಗು ಮೊದಲ ದಿನ ಹೆದರಿ ಬಾಯಿ ಬಿಡುವುದಿಲ್ಲ. ಮೂರನೇ ಭೇಟಿಯಲ್ಲಿ ಚಾರ್ಟ್ ಪರಿಚಯವಾಗಿ, ನರ್ಸಕ್ಕನ ಸ್ನೇಹವಾಗಿ ಪಟಪಟನೆ ಹೇಳುತ್ತದೆ. ಕಣ್ಣು ಅಷ್ಟೇ ಇದ್ದರೂ ಅಂಕ ಏರಿರುತ್ತದೆ. ಹೊಸ ಚಿಕಿತ್ಸೆ ಪಡೆದ ಮಗು ಎಂದು ಗೊತ್ತಿದ್ದ ಪರೀಕ್ಷಕರು ‘ಇನ್ನೊಂದ್ಸಲ ನೋಡು ಪುಟ್ಟಾ’ ಎಂದು ಹುರಿದುಂಬಿಸುವುದೂ ಉಂಟು, ಕೆಟ್ಟ ಉದ್ದೇಶದಿಂದೇನಲ್ಲ. ಹಾಗಾಗಿ ಕಣ್ಣು ಅಳೆಯುವವರಿಗೆ ಯಾವ ಮಗು ಯಾವ ಗುಂಪಿನದು ಎಂಬುದನ್ನು ಮುಚ್ಚಿಡುತ್ತಾರೆ. ಸಾಧ್ಯವಿದ್ದಲ್ಲಿ ಹೋಲಿಕೆ ಗುಂಪಿನವರಿಗೂ ಮದ್ದಿನಂತೆಯೇ ಕಾಣುವ, ಮದ್ದಿಲ್ಲದ ಹನಿ ಕೊಡುತ್ತಾರೆ. ಇದನ್ನೇ ಪ್ಲಸೀಬೊ ಎನ್ನುವುದು.

ಕಣ್ಣಿಗೆ ಪಟ್ಟಿ: ಎರಡು ಗಂಟೆಯೋ ಆರು ಗಂಟೆಯೋ

ಸೋಮಾರಿ ಕಣ್ಣು ಎಂದು ಕರೆಯುವ ಆಂಬ್ಲಿಯೋಪಿಯಾದಲ್ಲಿ ಕಣ್ಣಿನ ರಚನೆ ಸರಿಯಾಗಿಯೇ ಕಾಣುತ್ತದೆ. ಮೆಳ್ಳೆಗಣ್ಣಿನಿಂದಲೋ ಎರಡು ಕಣ್ಣಿನ ಪವರ್ ಬೇರೆಬೇರೆ ಇರುವುದರಿಂದಲೋ, ಮೆದುಳು ಒಂದು ಕಣ್ಣಿನ ಮಾತನ್ನು ಕೇಳುವುದನ್ನೇ ಬಿಟ್ಟಿರುತ್ತದೆ. ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ಸೋಮಾರಿಯನ್ನು ದುಡಿಸುವುದು ಶತಮಾನಗಳ ಹಳೆಯ ಪದ್ಧತಿ. ದಿನಕ್ಕೆ ಎಷ್ಟು ಹೊತ್ತು ಎಂಬುದು ಮಾತ್ರ ಒಬ್ಬೊಬ್ಬ ವೈದ್ಯರಿಗೆ ಒಂದೊಂದು ಲೆಕ್ಕ. ಅಮೆರಿಕದಲ್ಲಿ 1997ರಲ್ಲಿ ಕಟ್ಟಿದ, ಮಕ್ಕಳ ಕಣ್ಣಿನ ಕಾಯಿಲೆಗಳನ್ನೇ ಅಧ್ಯಯನ ಮಾಡುವ ಪೀಡಿಗ್ ಎಂಬ ವೈದ್ಯರ ಜಾಲ ಇದನ್ನು ಒಂದೊಂದಾಗಿ ಬಿಡಿಸುತ್ತಾ ಹೋಯಿತು. ಕಣ್ಣಿನ ಸಂಶೋಧನೆಯಲ್ಲಿ ಇಷ್ಟು ತಾಳ್ಮೆಯ ಕೆಲಸ ನನಗೆ ಬೇರೆ ಕಂಡಿಲ್ಲ.

2003ರಲ್ಲಿ, ಮಧ್ಯಮ ಪ್ರಮಾಣದ ತೊಂದರೆಯಿದ್ದ 7 ವರ್ಷದೊಳಗಿನ 189 ಮಕ್ಕಳಲ್ಲಿ ದಿನಕ್ಕೆ 2 ಗಂಟೆಯ ಪಟ್ಟಿಯನ್ನು 6 ಗಂಟೆಯದರೊಂದಿಗೆ ಹೋಲಿಸಿದರು. ನಾಲ್ಕು ತಿಂಗಳ ಮೇಲೆ ಎರಡೂ ಗುಂಪಿನಲ್ಲಿ ಸುಧಾರಣೆ 2.4 ಸಾಲು, ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಪಟ್ಟಿ ಕಿತ್ತೆಸೆಯುವ ಮಗುವಿನೊಂದಿಗೆ ದಿನವಿಡೀ ಗುದ್ದಾಡುತ್ತಿದ್ದ ಅಪ್ಪಅಮ್ಮಂದಿರಿಗೆ ಇದು ಎಂಥ ಬಿಡುಗಡೆ! ಅದಕ್ಕೂ ಹಿಂದಿನ ವರ್ಷ 419 ಮಕ್ಕಳಲ್ಲಿ ಪಟ್ಟಿಯ ಬದಲು ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಬಿಟ್ಟು, ಅದನ್ನು ಮಸುಕು ಮಾಡಿ ನೋಡಿದ್ದರು. ಆರು ತಿಂಗಳಲ್ಲಿ ಪಟ್ಟಿಯಿಂದ 3.16 ಸಾಲು, ಹನಿಯಿಂದ 2.84. ಪಟ್ಟಿ ಒಗ್ಗದ ಮಗುವಿಗೆ ಹನಿ ಸಾಕು ಎಂದಾಯಿತು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರ 2006ರ ಅಧ್ಯಯನ. ಎರಡು ಕಣ್ಣಿನ ಪವರ್ ಬೇರೆಯಾದ್ದರಿಂದ ಸೋಮಾರಿ ಕಣ್ಣು ಬಂದಿದ್ದ 84 ಮಕ್ಕಳಿಗೆ ಬರೀ ಸರಿಯಾದ ಕನ್ನಡಕ ಕೊಟ್ಟು ಕಾದರು. 77% ಮಕ್ಕಳು ಎರಡು ಸಾಲು ಅಥವಾ ಹೆಚ್ಚು ಸುಧಾರಿಸಿದರು, ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಲ್ಲಿ ತೊಂದರೆಯೇ ಮಾಯ. ಕನ್ನಡಕ, ಪಟ್ಟಿ ಎರಡನ್ನೂ ಒಂದೇ ದಿನ ಶುರುಮಾಡಿದ್ದರೆ ಈ ಶ್ರೇಯಸ್ಸೆಲ್ಲ ಪಟ್ಟಿಯ ಖಾತೆಗೆ ಹೋಗುತ್ತಿತ್ತು.

ಏಳು ವರ್ಷ ದಾಟಿದರೆ ಇನ್ನೇನೂ ಆಗದು ಎಂಬ ಮಾತು ನಮ್ಮಲ್ಲಿ ಈಗಲೂ ಕೇಳಿಬರುತ್ತದೆ. 2005ರಲ್ಲಿ 507 ದೊಡ್ಡ ಮಕ್ಕಳ ಮೇಲೆ ಪರೀಕ್ಷಿಸಿದಾಗ, 7ರಿಂದ 12 ವಯಸ್ಸಿನವರಲ್ಲಿ ಪಟ್ಟಿ, ಹನಿ ಸೇರಿದ ಚಿಕಿತ್ಸೆಗೆ 53% ಮಕ್ಕಳು ಸ್ಪಂದಿಸಿದರು, ಬರೀ ಕನ್ನಡಕಕ್ಕೆ 25%. 13 ದಾಟಿದವರಲ್ಲಿ ಒಟ್ಟಾರೆ ಅಂತರ ಇಲ್ಲವೇ ಇಲ್ಲ ಎನ್ನುವಷ್ಟು. ಆದರೆ ಹಿಂದೆ ಚಿಕಿತ್ಸೆಯನ್ನೇ ಪಡೆಯದ ಹದಿಹರೆಯದವರಲ್ಲಿ ಅಲ್ಲೂ ಪ್ರಯೋಜನ ಕಂಡಿತು.

ಈಗ ಟ್ಯಾಬ್ಲೆಟ್ ಆಟಗಳ, ವಿಆರ್ ಮಾಸ್ಕ್‌ಗಳ ಕಾಲ. ಬೀಳುವ ಇಟ್ಟಿಗೆ ಜೋಡಿಸುವ ಆಟವೊಂದನ್ನು 2016ರಲ್ಲಿ 385 ಮಕ್ಕಳಲ್ಲಿ ದಿನಕ್ಕೆ 2 ಗಂಟೆ ಪಟ್ಟಿಯೊಂದಿಗೆ ಹೋಲಿಸಿದಾಗ ಆಟದಿಂದ ಸರಾಸರಿ ಒಂದು ಸಾಲು, ಪಟ್ಟಿಯಿಂದ ಅದಕ್ಕಿಂತ ತುಸು ಹೆಚ್ಚು. ಹೇಳಿದಷ್ಟು ಹೊತ್ತು ಆಡಿದ ಮಕ್ಕಳೇ ಕಡಿಮೆ. ಆಟವೂ ಮನೆಪಾಠವಾದರೆ ಬೇಸರವೇ ಅಲ್ಲವೇ? 2021ರಲ್ಲಿ ತಲೆಗೆ ಕಟ್ಟಿಕೊಂಡು ವಿಡಿಯೋ ನೋಡುವ ಇನ್ನೊಂದು ಸಾಧನ 105 ಮಕ್ಕಳಲ್ಲಿ 1.8 ಸಾಲು ಸುಧಾರಣೆ ತೋರಿಸಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮೊದಲನೆಯದು ಸೋತಿತು, ಎರಡನೆಯದು ಗೆದ್ದಿತು ಎಂದು ಹೇಳಿಬಿಡುವ ಮುನ್ನ ಎದುರಾಳಿ ಯಾರಿದ್ದರು ನೋಡಬೇಕು. ಮೊದಲನೆಯದನ್ನು ಹೋಲಿಸಿದ್ದು ಪಟ್ಟಿಯೊಂದಿಗೆ, ಎರಡನೆಯದನ್ನು ಬರೀ ಕನ್ನಡಕದೊಂದಿಗೆ.

ಮೈನಸ್ ಪವರ್ ಏರದಂತೆ ಹನಿ

ಬೆಂಗಳೂರಿನಲ್ಲಿ ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಈಗ ಅಟ್ರೋಪಿನ್ ಹೊಸ ಹೆಸರೇನಲ್ಲ. ಮೇಲೆ ಹೇಳಿದ ಮದ್ದೇ, ಬೇರೆ ಕೆಲಸಕ್ಕೆ. ಇಲ್ಲಿ ತೀರಾ ತೆಳುವಾಗಿ ಮಾಡಿ ರಾತ್ರಿ ಮಲಗುವಾಗ ಬಿಡುತ್ತಾರೆ. ಮೈನಸ್ ಪವರ್ ಹೆಚ್ಚುವುದೆಂದರೆ ಕಣ್ಣಿನ ಗುಡ್ಡೆ ಹಿಂದಕ್ಕೆ ಉದ್ದವಾಗುತ್ತಾ ಹೋಗುವುದು. ಆ ಓಟಕ್ಕೆ ಕಡಿವಾಣ ಹಾಕುವುದು ಉದ್ದೇಶ, ಬಂದ ಪವರ್ ಇಳಿಸುವುದಲ್ಲ.

2012ರಲ್ಲಿ ಸಿಂಗಪುರದವರು 0.5%, 0.1%, 0.01% ಎಂಬ ಮೂರು ಹದಗಳನ್ನು ಹೋಲಿಸಿದರು. ಅತಿ ತೆಳುವಾದ 0.01% ಪಡೆದವರ ಪವರ್ ಎರಡು ವರ್ಷದಲ್ಲಿ ಅರ್ಧ ಪಾಯಿಂಟಿನಷ್ಟೇ ಏರಿತು. ಅದೇ ತಂಡ ಹಿಂದೆ ನಡೆಸಿದ್ದ ಪ್ರಯೋಗದ ಪ್ಲಸೀಬೊ ಗುಂಪಿನಲ್ಲಿ 1.2 ಏರಿತ್ತು. ಹನಿ ನಿಲ್ಲಿಸಿದ ಮೇಲೆ ಗಟ್ಟಿ ಹದ ಪಡೆದವರ ಪವರ್ ಸರ್ರನೆ ಏರಿತು, ತೆಳು ಹದದವರದು ನಿಧಾನವಾಗಿ. ಜಗತ್ತಿನ ಅನೇಕ ಕಡೆ 0.01% ಚಾಲ್ತಿಗೆ ಬಂದದ್ದು ಹೀಗೆ.

ಎರಡು ಎಡವಟ್ಟು ಅದರಲ್ಲೇ ಇದ್ದವು. ಹೋಲಿಕೆಗೆ ತೆಗೆದುಕೊಂಡದ್ದು ಬೇರೆ ಕಾಲದ, ಬೇರೆ ಮಕ್ಕಳ ಗುಂಪು. ಎರಡನೆಯದಾಗಿ, ಪವರ್ ಕಡಿಮೆ ಏರಿದ್ದರೂ ಕಣ್ಣಿನ ಉದ್ದ ಮಾತ್ರ ಎರಡು ವರ್ಷದಲ್ಲಿ 0.41 ಮಿಲಿಮೀಟರ್ ಬೆಳೆದಿತ್ತು, ಆ ಹಳೆಯ ಪ್ಲಸೀಬೊ ಗುಂಪಿನ 0.38ಕ್ಕಿಂತ ಕಡಿಮೆಯೇನಲ್ಲ. ಮುಂದೆ ಅಕ್ಷಿಪಟಲ ಹರಿಯುವಂಥ ಅಪಾಯ ತರುವುದು ಆ ಉದ್ದವೇ.

ಹಾಂಗ್‌ಕಾಂಗಿನಲ್ಲಿ 438 ಮಕ್ಕಳನ್ನು ಪ್ಲಸೀಬೊ ಸಹಿತ ನಾಲ್ಕು ಗುಂಪು ಮಾಡಿ 2019ರಲ್ಲಿ ಪ್ರಕಟಿಸಿದ ಫಲಿತಾಂಶ ಚಿತ್ರವನ್ನು ತಿಳಿಗೊಳಿಸಿತು. ವರ್ಷವೊಂದರಲ್ಲಿ ಪ್ಲಸೀಬೊ ಗುಂಪಿನ ಪವರ್ 0.81 ಏರಿದರೆ, 0.01% ಗುಂಪಿನದು 0.59, 0.05% ಗುಂಪಿನದು 0.27. ಕಣ್ಣಿನ ಉದ್ದದಲ್ಲೂ 0.05%ದ್ದೇ ಮೇಲುಗೈ. 2023ರಲ್ಲಿ ಪೀಡಿಗ್ ಅಮೆರಿಕದ 187 ಮಕ್ಕಳಲ್ಲಿ 0.01%ನ್ನು ಎರಡು ವರ್ಷ ಪರೀಕ್ಷಿಸಿದಾಗ ಪ್ಲಸೀಬೊಗಿಂತ ಭಿನ್ನ ಫಲ ಕಾಣಲಿಲ್ಲ. ದೆಹಲಿಯ ಏಮ್ಸ್ ವೈದ್ಯರ ಮುಂದಾಳತ್ವದಲ್ಲಿ ಭಾರತದ ಮಕ್ಕಳಲ್ಲಿ ನಡೆದ ಒಂದು ವರ್ಷದ ಪ್ರಯೋಗದಲ್ಲಿ ಅದೇ 0.01% ಪವರಿನ ಏರಿಕೆಯನ್ನು ನಿಧಾನಗೊಳಿಸಿತ್ತು. ಹಾಗಾದರೆ ಯಾವುದು ನಿಜ? ಎರಡೂ ನಿಜವಿರಬಹುದು. ಮಕ್ಕಳ ವಯಸ್ಸು, ಮೂಲ, ಪವರ್ ಏರುವ ವೇಗ ಬೇರೆಯಾದಲ್ಲಿ ಫಲವೂ ಬೇರೆ. ವೈದ್ಯರು ಹನಿ ಬರೆದಾಗ ‘ಯಾವ ಹದ’ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಮದ್ದೇ ಇಲ್ಲದ ಉಪಾಯವನ್ನೂ ಇದೇ ಕಟ್ಟುನಿಟ್ಟಿನಲ್ಲಿ ಪರೀಕ್ಷಿಸಿದ್ದಾರೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಕೆಲವನ್ನು ಚೀಟಿಯಿಂದ ಆರಿಸಿ, ದಿನಕ್ಕೆ 40 ನಿಮಿಷ ಹೆಚ್ಚಿಗೆ ಮಕ್ಕಳನ್ನು ಬಯಲಿಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಮೈನಸ್ ಪವರ್ ಬಂದವರು ಅಲ್ಲಿ 30.4%, ಉಳಿದ ಶಾಲೆಗಳಲ್ಲಿ 39.5%.

ಕಣ್ಣಿನ ವ್ಯಾಯಾಮ ಮತ್ತು ಓದಿನ ಅಂಕ

ಹತ್ತಿರದ್ದನ್ನು ನೋಡುವಾಗ ಎರಡು ಕಣ್ಣೂ ಒಳಮುಖವಾಗಿ ಕೂಡಿಬರದಿದ್ದರೆ ಓದುವಾಗ ತಲೆನೋವು, ಅಕ್ಷರ ಎರಡೆರಡು ಕಾಣುವುದು. ಇದಕ್ಕೆ ಪೆನ್ಸಿಲ್ಲನ್ನು ಮೂಗಿನ ಹತ್ತಿರ ತರುವ ವ್ಯಾಯಾಮ ಹೇಳುವುದುಂಟು. 2008ರಲ್ಲಿ 221 ಮಕ್ಕಳಲ್ಲಿ ಹೋಲಿಸಿದಾಗ ಕ್ಲಿನಿಕ್ಕಿನಲ್ಲಿ ತರಬೇತಾದವರ ಎದುರು ಮಾಡಿದ ವ್ಯಾಯಾಮಕ್ಕೆ 73% ಮಕ್ಕಳು ಸ್ಪಂದಿಸಿದರು, ಮನೆಯ ಪೆನ್ಸಿಲ್ ವ್ಯಾಯಾಮಕ್ಕೆ 43%. ಬರೀ ತೋರಿಕೆಗೆಂದು ಮಾಡಿಸಿದ ಹುಸಿ ವ್ಯಾಯಾಮಕ್ಕೂ 35%! ಹೋಲಿಕೆಯ ಗುಂಪು ಇಲ್ಲದಿದ್ದರೆ ಪೆನ್ಸಿಲ್ಲಿನ 43% ಕೂಡ ಸಾಧನೆಯೆಂದೇ ಲೆಕ್ಕಕ್ಕೆ ಹೋಗುತ್ತಿತ್ತು.

ಕಣ್ಣು ಕೂಡಿಬಂದರೆ ಓದೂ ಸುಧಾರಿಸುತ್ತದೆ ಎಂದು ಪಾಲಕರು ಆಸೆಪಡುವುದು ಸಹಜ. 2019ರಲ್ಲಿ 311 ಮಕ್ಕಳಲ್ಲಿ ಅದನ್ನೂ ನೋಡಿದರು. ಓದಿದ್ದನ್ನು ಅರ್ಥಮಾಡಿಕೊಳ್ಳುವ ಪರೀಕ್ಷೆಯಲ್ಲಿ ನಿಜ ವ್ಯಾಯಾಮದವರು ಹುಸಿ ವ್ಯಾಯಾಮದವರಿಗಿಂತ ಮುಂದೆ ಹೋಗಲಿಲ್ಲ.

ಭತ್ತದ ಗರಿ ತಗುಲಿದ ಕಣ್ಣು

ದೊಡ್ಡವರ ಕಣ್ಣಿಗೆ ಬಂದರೆ, ನಮಗೆ ಹತ್ತಿರದ ಪ್ರಯೋಗ ನಡೆದದ್ದು ತಮಿಳುನಾಡಿನ ಅರವಿಂದ್ ಕಣ್ಣಾಸ್ಪತ್ರೆಗಳಲ್ಲಿ. ಕೊಯ್ಲಿನಲ್ಲಿ ಭತ್ತದ ಗರಿಯೋ ಕಬ್ಬಿನ ಎಲೆಯೋ ಕಣ್ಣಿಗೆ ತಗುಲಿ, ಗಾಯಕ್ಕೆ ಬೂಸ್ಟು ಸೇರಿ ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಕಣ್ಣಲ್ಲಿ ಹೂ ಉಳಿಯುತ್ತದೆ. ಇದಕ್ಕೆ ಹಳೆಯ ಮದ್ದು ನಾಟಮೈಸಿನ್. ವೊರಿಕೊನಜೋಲ್ ಎಂಬ ಹೊಸದು ಬಂದಾಗ ವೈದ್ಯರ ಒಲವು ಅದರತ್ತ ವಾಲಿತ್ತು. ಪ್ರಯೋಗಾಲಯದ ಬಟ್ಟಲಲ್ಲಿ ಹೆಚ್ಚು ಬಗೆಯ ಬೂಸ್ಟನ್ನು ಅದು ಕೊಲ್ಲುತ್ತಿತ್ತು, ಕಣ್ಣಿನೊಳಕ್ಕೂ ಚೆನ್ನಾಗಿ ಇಳಿಯುತ್ತಿತ್ತು.

323 ರೋಗಿಗಳಿಗೆ ಚೀಟಿಯಂತೆ ಒಂದೊಂದನ್ನು ಕೊಟ್ಟು 2013ರಲ್ಲಿ ಫಲ ಪ್ರಕಟಿಸಿದರು. ಗೆದ್ದದ್ದು ಹಳೆಯ ನಾಟಮೈಸಿನ್. ದೃಷ್ಟಿ ಸರಾಸರಿ 1.8 ಸಾಲು ಉತ್ತಮ, ಫ್ಯುಸೇರಿಯಂ ಎಂಬ ಬೂಸ್ಟಿನಲ್ಲಂತೂ ನಾಲ್ಕು ಸಾಲು. ಕಣ್ಣು ತೂತಾಗಿ ತುರ್ತು ಕಾರ್ನಿಯಾ (ಕಣ್ಣಿನ ಮುಂಬದಿಯ ಪಾರದರ್ಶಕ ಪದರ) ಕಸಿ ಬೇಕಾದ ಪ್ರಸಂಗಗಳೂ ಅದರಲ್ಲೇ ಕಡಿಮೆ. ಬಟ್ಟಲಲ್ಲಿ ಗೆದ್ದದ್ದು ಕಣ್ಣಲ್ಲಿ ಸೋತಿತ್ತು.

ದುಬಾರಿಯದೇ ಮೇಲು ಎಂಬ ನಂಬಿಕೆಗೂ ಇಂಥದೇ ಪೆಟ್ಟು ಬಿತ್ತು. ಮುಪ್ಪಿನಲ್ಲಿ ಅಕ್ಷಿಪಟಲದ ನಡುಭಾಗ ಕೆಡುವ ಕಾಯಿಲೆಯ ಒಂದು ಬಗೆಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್‌ಗಳಲ್ಲಿ ರಾನಿಬಿಜುಮಾಬ್ ಒಂದು ಡೋಸಿಗೆ ಅಮೆರಿಕದಲ್ಲಿ ಸುಮಾರು 2,000 ಡಾಲರ್ ಇತ್ತು. ಕ್ಯಾನ್ಸರಿಗೆಂದು ಬಂದ ಬೆವಾಸಿಜುಮಾಬ್ ಅನ್ನು ಸಣ್ಣ ಭಾಗ ಮಾಡಿದರೆ ಸುಮಾರು 50 ಡಾಲರ್. ಕಂಪನಿಗೆ ಇವೆರಡನ್ನು ಎದುರುಬದುರು ನಿಲ್ಲಿಸುವ ಆಸಕ್ತಿ ಎಲ್ಲಿಂದ ಬರಬೇಕು? ಅಮೆರಿಕ ಸರ್ಕಾರದ ಹಣದಿಂದ ಸುಮಾರು 1,200 ರೋಗಿಗಳ ಮೇಲೆ ಹೋಲಿಕೆ ನಡೆಯಿತು. 2011ರ ಫಲಿತಾಂಶದಲ್ಲಿ ತಿಂಗಳಿಗೊಮ್ಮೆ ಕೊಟ್ಟಾಗ ಒಂದು 8.5 ಅಕ್ಷರ, ಇನ್ನೊಂದು 8 ಅಕ್ಷರ ಸುಧಾರಣೆ ತಂದಿತ್ತು.

ನಿಮ್ಮನ್ನೇ ಪ್ರಯೋಗಕ್ಕೆ ಕರೆದರೆ

ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ‘ಒಂದು ಅಧ್ಯಯನ ನಡೀತಿದೆ, ಸೇರ್ತೀರಾ?’ ಎಂದು ಕೇಳುವುದುಂಟು. ಭಾರತದಲ್ಲಿ ಚಿಕಿತ್ಸಾ ಪ್ರಯೋಗಗಳನ್ನು ಸಿಟಿಆರ್‌ಐ ಎಂಬ ರಾಷ್ಟ್ರೀಯ ದಾಖಲಾತಿಯಲ್ಲಿ ಮೊದಲೇ ನೋಂದಾಯಿಸಬೇಕು, ಯಾರು ಬೇಕಾದರೂ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಏನನ್ನು ಅಳೆಯುತ್ತೇವೆ ಎಂದು ಆರಂಭದಲ್ಲೇ ಬರೆದಿಟ್ಟರೆ, ಕೊನೆಗೆ ಅನುಕೂಲವಾದ ಅಂಕಿಯನ್ನಷ್ಟೇ ಎತ್ತಿ ತೋರಿಸುವುದು ಕಷ್ಟ. ನೋಂದಣಿ ಸಂಖ್ಯೆ ಕೇಳಿ, ಹೋಲಿಕೆ ಯಾವುದರೊಂದಿಗೆ ಎಂದು ಕೇಳಿ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಇಂಗ್ಲಿಷಿನ ಹಾಳೆಗೆ ಸಹಿ ಹಾಕಬೇಕಿಲ್ಲ. ನಡುವೆ ಯಾವಾಗ ಬೇಕಾದರೂ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು. ಔಷಧದ ಪ್ರಯೋಗದಿಂದಲೇ ಹಾನಿಯಾದರೆ ಉಚಿತ ಚಿಕಿತ್ಸೆಯನ್ನೂ ಪರಿಹಾರವನ್ನೂ 2019ರ ನಿಯಮಗಳು ಕೊಡುತ್ತವೆ. ಮಗುವಿಗೆ ಏಳು ವರ್ಷ ದಾಟಿದ್ದರೆ ತಂದೆತಾಯಿಯ ಸಹಿಯೊಂದೇ ಸಾಲದು, ಅದಕ್ಕೆ ತಿಳಿಯುವಂತೆ ವಿವರಿಸಿ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು.